ಎರಡೇ ಪಾಸು

ತಂಗಿಯ ಘಟಿಕೋತ್ಸವಕ್ಕೆ ಅಂತ ಅಪ್ಪ, ಅಮ್ಮ, ನಾನು ಮೂವರೂ ಹೊರಟಿದ್ದೆವು. ಹೋದ ಮೇಲೆ ಗೊತ್ತಾಯಿತು, ಒಬ್ಬ ವಿದ್ಯಾರ್ಥಿಗೆ ಎರಡೇ ಪಾಸು. "ಮೂರು ಕೊಡ್ತಾರೆ ಅಂದ್ಕೊಂಡಿದ್ದೆ ಅಕ್ಕಾ" ಅಂತ ತಂಗಿ ಮತ್ತೆ ಮತ್ತೆ ಹೇಳಿದಳು, ಪಾಪ, ಮುಖ ಬಾಡಿಹೋಗಿತ್ತು. ನನಗೆ ಬೇಸರ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ರಜೆ ಹಾಕಿ, ರಾತ್ರಿಯೆಲ್ಲ ನಿದ್ದೆಗೆಟ್ಟು ಬಂದಿದ್ದೆ. ಆದರೆ ಅಪ್ಪ ಅಮ್ಮನಲ್ಲಿ ಒಬ್ಬರನ್ನು ಹೊರಗೆ ನಿಲ್ಲಿಸಿ ನಾನು ಒಳಗೆ ಹೋಗುವ ಮಾತೇ ಇರಲಿಲ್ಲ.

ಹೊರಗೆ ದೊಡ್ಡ ಪರದೆ ಹಾಕಿದ್ದರು. ಪಾಸ್ ಸಿಗದ ಅಣ್ಣ ತಮ್ಮಂದಿರು, ಅಜ್ಜಿಯರು, ಸೊಂಟದ ಮೇಲೆ ಮಗು ಕೂರಿಸಿಕೊಂಡವರು, ಎಲ್ಲರೂ ಅಲ್ಲೇ. ಎರಡು ಗಂಟೆ ನಿಂತೆ. ತಂಗಿ ಪರದೆಯ ಮೇಲೆ ಕಂಡಿದ್ದು ಐದಾರು ಸೆಕೆಂಡ್ ಇರಬಹುದು. ಮೆಟ್ಟಿಲು ಹತ್ತಿದಳು, ಕೈ ಚಾಚಿದಳು, ಅಷ್ಟರಲ್ಲಿ ಕ್ಯಾಮೆರಾ ಬೇರೆ ಕಡೆ ತಿರುಗಿತು. ಪಕ್ಕದ ಅಜ್ಜಿ "ನಿಮ್ಮ ಹುಡುಗೀನಾ?" ಅಂದರು. ಹೂಂ ಅಂದೆ. ಅದಕ್ಕಿಂತ ಜಾಸ್ತಿ ಮಾತು ಬರಲಿಲ್ಲ.

ಮುಗಿಸಿ ಬಂದಾಗ ಅಪ್ಪನ ಅಂಗೈ ಕೆಂಪಗಾಗಿತ್ತು. "ಒಬ್ಬರನ್ನೂ ಬಿಡದೆ ಎಲ್ಲರಿಗೂ ಚಪ್ಪಾಳೆ ಹೊಡೆದರು ಕಣೇ" ಅಂದಳು ಅಮ್ಮ. ಅಪ್ಪ, "ಮನೆಯಿಂದ ಯಾರೂ ಬರೋಕಾಗದ ಮಕ್ಕಳೂ ಇರ್ತಾರಲ್ಲ" ಅಂದರು, ಅಷ್ಟೇ.

ಗೌನ್ ವಾಪಸ್ ಕೊಡುವ ಸಾಲಿನಲ್ಲಿ ತಂಗಿ ಬೆವರಿ ಒದ್ದೆಯಾಗಿದ್ದಳು. ಅದು ಚಳಿ ದೇಶದ ಉಡುಪು ಅಲ್ವಾ? ಯುರೋಪಿನ ಹಳೇ ವಿಶ್ವವಿದ್ಯಾಲಯಗಳಿಂದ ಬಂದದ್ದು. ಅವುಗಳಲ್ಲಿ ಇಟಲಿಯ ಬೊಲೋನ್ಯದ್ದು 1088ರಲ್ಲಿ ಶುರುವಾಯಿತು ಅಂತ ಹೇಳುತ್ತಾರೆ. ಕಲ್ಲಿನ ಕಟ್ಟಡ, ಕೊರೆಯುವ ಚಳಿ, ಓದುವವರಲ್ಲಿ ತುಂಬಾ ಜನ ಚರ್ಚಿನವರು, ಹಾಗಾಗಿ ಕಾಲಿನವರೆಗೆ ನಿಲುವಂಗಿ. ಮೇಷ್ಟರಾಗಿದ್ದ ಅಪ್ಪ ಸಾಲಿನಲ್ಲಿ ಸುಮ್ನೆ ನಿಲ್ಲುವವರಲ್ಲ. ಹಿಂದೆ ಘಟಿಕಾಸ್ಥಾನ ಅಂದರೆ ದೊಡ್ಡ ವಿದ್ಯಾಕೇಂದ್ರ, ಕದಂಬ ರಾಜ್ಯ ಕಟ್ಟಿದ ಮಯೂರಶರ್ಮ ಕಾಂಚಿಯ ಘಟಿಕೆಗೆ ಓದಲು ಹೋದದ್ದು ತಾಳಗುಂದ ಶಾಸನದಲ್ಲಿದೆ ಅಂತ ಶುರು ಮಾಡಿದರು. "ಗುರು ವೀರಶರ್ಮರೂ ಜೊತೆಗೆ ಹೋಗಿದ್ದರು. ಆಗಲೂ ಹಿರಿಯರು ಜೊತೇಲಿ ಹೋಗ್ತಿದ್ರು ನೋಡು ಪುಟ್ಟಿ" ಅಂದರು. ಆ ಮಾತು ನನಗೆ ಬಹಳ ಹಿಡಿಸಿತು.

ಮರುದಿನವೇ ಹೊರಡುವುದು ಅಂತ ಮೊದಲು ಮಾತಾಗಿತ್ತು. ತಂಗಿ ಬಿಡಲಿಲ್ಲ. ಇನ್ನೆರಡು ದಿನ ಇದ್ದೆವು, ಅದೇ ಒಳ್ಳೆಯದಾಯಿತು. ಯಾಕೆಂದರೆ ಘಟಿಕೋತ್ಸವವನ್ನು ನಾನು ಪೂರ್ತಿ ನೋಡಿದ್ದು ಅಲ್ಲಿನ ಸಮುದ್ರದಂಡೆಯ ಲೈಟ್‌ಹೌಸಿನ ಮೆಟ್ಟಿಲ ಮೇಲೆ.

ಎತ್ತರ ಸುಮಾರು 30 ಮೀಟರ್. ಒಳಗೆ ಸುರುಳಿ ಮೆಟ್ಟಿಲು, ತಿರುವಿಗೊಂದು ಚಿಕ್ಕ ಕಿಟಕಿ. ಅಪ್ಪನಿಗೆ ಮೊಣಕಾಲು ನೋವು, ಹಾಗಾಗಿ ಕಿಟಕಿ ಬಂದಲ್ಲೆಲ್ಲ ನಿಂತೆವು. ನಿಂತಾಗ ಮಾತು. ಮೊದಲ ಕಿಟಕಿಯ ಹತ್ತಿರ ಅಮ್ಮ ಹೇಳಿದಳು, ವೇದಿಕೆ ಹತ್ತುವಾಗ ಗೌನಿನ ಅಂಚು ತಂಗಿಯ ಕಾಲಿಗೆ ಸಿಕ್ಕಿತಂತೆ, ಅವಳು ಎಡಗೈಯಲ್ಲಿ ಅದನ್ನು ಎತ್ತಿ ಹಿಡಿದದ್ದು ಥೇಟ್ ಚಿಕ್ಕವಳಿದ್ದಾಗ ಮಳೆ ನೀರಲ್ಲಿ ಲಂಗ ಎತ್ತಿ ನಡೆಯುತ್ತಿದ್ದ ಹಾಗೇ ಇತ್ತಂತೆ. ಮುಂದಿನ ಕಿಟಕಿಯಲ್ಲಿ ಅಪ್ಪ. ಸಾಲಿನಲ್ಲಿ ಹಿಂದೆ ಇದ್ದ ಹುಡುಗ ಅವಳ ಹೆಗಲಿನಿಂದ ಜಾರಿದ ಹುಡ್, ಅಂದರೆ ಗೌನಿನ ಮೇಲೆ ಹಾಕುವ ಬಟ್ಟೆ, ಸರಿ ಮಾಡಿದ್ದನ್ನು ಅವರು ನೋಡಿದ್ದರು. ತಂಗಿಗೇ ಅದು ಗೊತ್ತಿರಲಿಲ್ಲ! "ನನಗೆ ಚಪ್ಪಾಳೆ ಒಂದೂ ಕೇಳಿಸಲಿಲ್ಲ, ನನ್ನ ಚಪ್ಪಲಿ ಸದ್ದು ಮಾತ್ರ ಟಕ್ ಟಕ್ ಅಂತ ಕೇಳ್ತಿತ್ತು" ಅಂದಳು. ನಾನು ಪರದೆ ಮುಂದಿನ ಅಜ್ಜಿಯ ವಿಷಯ ಹೇಳಿದೆ.

ಮೇಲೆ ಹೋದರೆ ನನ್ನಷ್ಟೇ ಎತ್ತರದ ಗಾಜಿನ ಲೆನ್ಸ್, ಸುತ್ತ ಬಟ್ಟೆಯ ಪರದೆ. ಹಗಲು ಬಿಸಿಲು ಲೆನ್ಸಿಗೆ ಬಿದ್ದರೆ ಶಾಖ ಒಂದೇ ಕಡೆ ಸೇರಿ ಒಳಗಿನ ದೀಪ ಹಾಳಾಗಬಹುದು, ಅದಕ್ಕೇ ಪರದೆ ಎಳೆದಿರುತ್ತಾರೆ. ನೋಡಿಕೊಳ್ಳುವವರು ಒಂದು ಬದಿ ಸರಿಸಿ ತೋರಿಸಿದರು. ಗಾಜಿನ ಪಟ್ಟಿಗಳು ಉಂಗುರದೊಳಗೆ ಉಂಗುರವಾಗಿ ಜೋಡಿಸಿದ್ದವು. ಒಂದರ ಅಂಚಿನಲ್ಲಿ ಅಮ್ಮನ ಸೀರೆಯ ಹಸಿರು ಬಣ್ಣ ಮುರಿದು ಮೂರು ಕಡೆ ಕಾಣುತ್ತಿತ್ತು. ಇದನ್ನು ಕಂಡುಹಿಡಿದವನು ಫ್ರಾನ್ಸಿನ ಫ್ರೆನೆಲ್. 1823ರಲ್ಲಿ ಅಲ್ಲಿನ ಕೋರ್ದುವಾನ್ ಲೈಟ್‌ಹೌಸಿನಲ್ಲಿ ಮೊದಲ ಸಲ ಬೆಳಗಿತು. ಮೇಲಕ್ಕೂ ಕೆಳಕ್ಕೂ ಚದುರಿ ಹೋಗುವ ಬೆಳಕನ್ನು ಬಗ್ಗಿಸಿ ಸಮುದ್ರದ ಕಡೆಗೇ ಕಳಿಸುತ್ತದೆ. ಒಂದೊಂದು ಲೈಟ್‌ಹೌಸಿಗೂ ಮಿನುಗುವ ಲೆಕ್ಕ ಬೇರೆ, ಅದನ್ನು ಎಣಿಸಿಯೇ ಹಡಗಿನವರು ತಾವೆಲ್ಲಿದ್ದೇವೆ ಅಂತ ತಿಳಿಯುತ್ತಾರೆ. ಇಲ್ಲಿಯದು ಹತ್ತು ಸೆಕೆಂಡಿಗೊಮ್ಮೆ ಅಂದರು.

ಹೊರಗಿನ ಕಟ್ಟೆಯಲ್ಲಿ ಜೋರು ಗಾಳಿ. ಅಷ್ಟು ಎತ್ತರದಿಂದ ಸುಮಾರು 20 ಕಿಲೋಮೀಟರ್ ದೂರದ ಅಂಚಿನವರೆಗೆ ನೀರು ಕಾಣುತ್ತದೆ. ಅಪ್ಪ ಕಂಬಿ ಹಿಡಿದು ತುಂಬಾ ಹೊತ್ತು ನಿಂತರು. ತಂಗಿ ಅವರ ತೋಳು ಹಿಡಿದಿದ್ದಳು, ಇಳಿಯುವಾಗಲೂ ಬಿಡಲಿಲ್ಲ.

ಅವತ್ತು ರಾತ್ರಿ ರೂಮಿನ ಕಿಟಕಿಯಿಂದ ಆ ಬೆಳಕು ಕಾಣುತ್ತಿತ್ತು. ಅಮ್ಮ ಕಿಟಕಿ ಹತ್ತಿರ ನಿಂತು ಒಂದು, ಎರಡು, ಮೂರು ಅಂತ ಎಣಿಸಿದಳು. ಹತ್ತಕ್ಕೆ ಸರಿಯಾಗಿ ಬಂತು. ಮತ್ತೆ ಎಣಿಸಿದಳು. ಅಪ್ಪ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ, "ಹೆಸರು ಕರೆದಾಗ ಏನನ್ನಿಸ್ತು ಪುಟ್ಟಿ, ಇನ್ನೊಂದ್ಸಲ ಹೇಳು" ಅಂದರು. ತಂಗಿ ಎದ್ದು ಕೂತು ಮೊದಲಿನಿಂದ ಹೇಳತೊಡಗಿದಳು.