ಆಟಿಕೆ ಕೊಡುವ ಮುಂಚೆ ಕೇಳುವ ಪ್ರಶ್ನೆ

ನಾನು ದಾವಣಗೆರೆಯಲ್ಲಿ ಮಕ್ಕಳ ವಾರ್ಡಿನ ನರ್ಸ್. ನಮ್ಮ ಓಣಿಯಲ್ಲಿ ಗಣಪತಿ ಕೂರಿಸುವ ಹುಡುಗರೇ ದೀಪಾವಳಿ ಹೊತ್ತಿಗೆ ಮನೆಮನೆಯಿಂದ ಆಟಿಕೆ ಸೇರಿಸಿ, ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರ ಮಕ್ಕಳಿಗೆ ಕೊಡುತ್ತಾರೆ. ಹಂಚುವ ದಿನ ಕೈಜೋಡಿಸೋಕೆ ಜನ ಬೇಕಾದಷ್ಟು ಸಿಗುತ್ತಾರೆ. ನಾನು ಕೇಳಿ ಪಡೆಯುವುದು ಹಿಂದಿನ ದಿನದ ಕೆಲಸ. ಬಂದದ್ದನ್ನೆಲ್ಲ ಚಾಪೆ ಮೇಲೆ ಸುರಿದು, ವಯಸ್ಸಿಗೆ ತಕ್ಕ ಹಾಗೆ ಬೇರೆ ಮಾಡುವುದು.

ಮೊದಲು ನೋಡುವುದು ಬ್ಯಾಟರಿ. ಹಾಡುವ ಗೊಂಬೆ, ಮಿನುಗುವ ಕಾರು, ಇವುಗಳ ಒಳಗೆ ಎಷ್ಟೋ ಸಲ ಬಟನ್ ಸೆಲ್ ಇರುತ್ತದೆ. ಮಗು ಅದನ್ನು ನುಂಗಿ, ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ 2 ಗಂಟೆಯೊಳಗೇ ಒಳಗೆ ಸುಟ್ಟ ಗಾಯ ಆಗಬಹುದು. 20 ಮಿ.ಮೀ. ಅಗಲದ ಲಿಥಿಯಂ ಸೆಲ್ ಇನ್ನೂ ಅಪಾಯ. ‘ಸೆಲ್ ಖಾಲಿ ಆಗಿದೆ, ಬಿಡಿ ಸಿಸ್ಟರ್’ ಅನ್ನುತ್ತಾರೆ. ಆಟಿಕೆ ಓಡಿಸಲಾಗದ ಸೆಲ್ಲಿನಲ್ಲೂ ಮಗುವನ್ನು ಸುಡುವಷ್ಟು ಕರೆಂಟ್ ಉಳಿದಿರುತ್ತದೆ. ಅದಕ್ಕೇ ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇಲ್ಲದಿದ್ದರೆ ಆ ಆಟಿಕೆ ಯಾರಿಗೂ ಹೋಗುವುದಿಲ್ಲ. ನಿಮ್ಮ ಮನೆಯಲ್ಲೇ ಮಗು ಸೆಲ್ ನುಂಗಿತು ಅನ್ನಿಸಿದರೆ ವಾಂತಿ ಮಾಡಿಸಬೇಡಿ, ಬಾಳೆಹಣ್ಣು ತಿನ್ನಿಸಿ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಬನ್ನಿ, ಎಕ್ಸ್‌ರೇ ಆಗಲೇಬೇಕು.

ಆಮೇಲೆ ಸಣ್ಣ ಚೂರುಗಳು. 3 ವರ್ಷದೊಳಗಿನವರ ಆಟಿಕೆ ಪರೀಕ್ಷಿಸಲು ಲ್ಯಾಬಿನಲ್ಲಿ 31.7 ಮಿ.ಮೀ. ಅಗಲದ ಕೊಳವೆ ಬಳಸುತ್ತಾರೆ. ಅದರೊಳಗೆ ಪೂರ್ತಿ ಕೂರುವ ಚೂರು ಆ ವಯಸ್ಸಿನವರ ಕೈಗೆ ಹೋಗಬಾರದು. ನಮ್ಮ ಹತ್ತಿರ ಹಳೇ ಕ್ಯಾಮೆರಾ ರೀಲಿನ ಡಬ್ಬಿ ಇದೆ, ಅಗಲ ಹೆಚ್ಚುಕಡಿಮೆ ಅಷ್ಟೇ. ಮಣಿ, ಗೋಲಿ, ಕಳಚಿದ ಗಾಲಿ ಎಲ್ಲ ಅದರಲ್ಲಿ ಹಾಕಿ ನೋಡುತ್ತೇವೆ. ಹೊಸ ಆಟಿಕೆ ಕೊಳ್ಳುವವರಿಗೆ ಐಎಸ್‌ಐ ಗುರುತು ನೋಡಿ ತನ್ನಿ ಅನ್ನುತ್ತೇವೆ. 2021ರ ಜನವರಿಯಿಂದ ಅದು ಕಡ್ಡಾಯ.

ಮುರಿದದ್ದನ್ನು ತಂದು, ‘ಆ ಮಕ್ಕಳಿಗೆ ಇಷ್ಟಾದ್ರೂ ಸಿಗ್ತಲ್ಲ’ ಅನ್ನುವವರೂ ಇದ್ದಾರೆ. ನನಗೆ ಆ ಮಾತು ಸಹಿಸೋಕೆ ಆಗಲ್ಲ. ನಿಮ್ಮ ಮೊಮ್ಮಗನಿಗೆ ಕೊಡದ್ದನ್ನು ಇಲ್ಲಿಗೂ ತರಬೇಡಿ ಅಂತ ನೇರವಾಗಿಯೇ ಹೇಳುತ್ತೇನೆ.

ಹಂಚುವಾಗ ಸ್ಟೇಜ್ ಇಲ್ಲ, ಹೆಸರು ಕೂಗುವುದಿಲ್ಲ. ವಯಸ್ಸಿಗೊಂದು ಟೇಬಲ್. ಮಕ್ಕಳೇ ಸುತ್ತಾಡಿ, ಮುಟ್ಟಿ ನೋಡಿ, ಬೇಕಾದ್ದನ್ನು ಎತ್ತಿಕೊಳ್ಳುತ್ತಾರೆ. ಒಮ್ಮೆ ಎಂಟು ವರ್ಷ ಇರಬಹುದಾದ ಹುಡುಗಿ ಮಣಿ ಪೋಣಿಸುವ ಡಬ್ಬಿ ಕೈಯಲ್ಲಿ ಹಿಡಿದು ತುಂಬಾ ಹೊತ್ತು ನಿಂತಳು. ಅವಳ ವಯಸ್ಸಿಗೆ ಸರಿಯಾದದ್ದೇ. ಆದರೂ ವಾಪಸ್ ಇಟ್ಟಳು. ಯಾಕಮ್ಮಾ ಅಂದೆ. ‘ನಮ್ ತಮ್ಮ ಎಲ್ಲಾ ಬಾಯಿಗೆ ಹಾಕ್ಕಂತಾನ್ರಿ ಅಕ್ಕಾ’ ಅಂದಳು. ಸ್ಕಿಪ್ಪಿಂಗ್ ಹಗ್ಗ ತಗೊಂಡು ಹೋದಳು.

ವಯಸ್ಸು ನೋಡಿ ಬೇರೆ ಮಾಡುವುದು ಬೇಕು, ಆದರೆ ಅಷ್ಟೇ ಸಾಲದು ಅಂತ ಅವತ್ತು ಗೊತ್ತಾಯಿತು. ಒಂದೇ ಕೋಣೆಯ ಮನೆಯಲ್ಲಿ ದೊಡ್ಡವರ ಆಟಿಕೆ, ಚಿಕ್ಕವರ ಆಟಿಕೆ ಅಂತ ಬೇರೆ ಎಲ್ಲಿರುತ್ತದೆ? ಈಗ ಎಲ್ಲ ಟೇಬಲ್‌ನಲ್ಲೂ ‘ಮನೇಲಿ ಪುಟ್ಟ ಮಕ್ಕಳು ಇದ್ದಾರಾ?’ ಅಂತ ಕೇಳುತ್ತೇವೆ. ಇದ್ದರೆ ಚೆಂಡು, ಹಗ್ಗ, ಚಿತ್ರದ ಪುಸ್ತಕ ತೋರಿಸುತ್ತೇವೆ.

ವಾರ್ಡಿನಲ್ಲೂ ಈ ಪ್ರಶ್ನೆ ನನ್ನ ಜೊತೆ ಬಂದಿದೆ. ಡಿಸ್ಚಾರ್ಜ್ ಮಾಡುವಾಗ ಮೊದಲೆಲ್ಲ ಔಷಧಿ ಎಷ್ಟು, ಯಾವಾಗ ಅಂತ ಹೇಳಿ ಕಳಿಸುವುದೇ ರೂಢಿ. ಈಗ ಮನೆಯಲ್ಲಿ ಇನ್ಯಾರು ಚಿಕ್ಕವರಿದ್ದಾರೆ, ಔಷಧಿ ಎಲ್ಲಿಡುತ್ತೀರಿ ಅಂತಲೂ ಕೇಳುತ್ತೇನೆ. ಅಮ್ಮ ಬಸುರಿ ಆಗಿದ್ದರೆ ಕಬ್ಬಿಣದ ಮಾತ್ರೆ ಬಗ್ಗೆ ಬಿಡದೆ ವಿಚಾರಿಸುತ್ತೇನೆ. ಅಮ್ಮನ ಮೈಗೆ ರಕ್ತ ಕೊಡುವ ಅದೇ ಮಾತ್ರೆಯನ್ನು ಪುಟ್ಟ ಮಗು ನಾಲ್ಕಾರು ನುಂಗಿದರೂ ಜೀವಕ್ಕೆ ಅಪಾಯ ಆಗಬಹುದು. ಮುಚ್ಚಳ ಗಟ್ಟಿ ಇರುವ ಡಬ್ಬಿಗೆ ಹಾಕಿ, ಕೈಗೆಟುಕದ ಅಟ್ಟದ ಮೇಲಿಡಿ ಅಂತ ಹೇಳಿ, ಮನೆಯಲ್ಲಿ ಅಂಥ ಜಾಗ ಎಲ್ಲಿದೆ ಅಂತ ಅವರ ಬಾಯಲ್ಲೇ ಕೇಳಿ ಕಳಿಸುತ್ತೇನೆ.