ಖಾಲಿ ಟಾಂಗಾ

ಇವತ್ತು ಬೆಳಿಗ್ಗೆ ವಿಜಯಪುರದಲ್ಲಿ, ಗೋಳಗುಮ್ಮಟದ ಮುಂದೆ ಟಾಂಗಾ ಹತ್ತಲು ಹೋದೆ. ಟಾಂಗಾ ಓಡಿಸುವ ಕಾಕಾ ಬೇಡ ಅಂದರು. "ಇದಕ್ಕ ಇನ್ನಾ ಮಂದೀನ ಕುಂದ್ರಸಂಗಿಲ್ಲರಿ. ಖಾಲಿ ಗಾಡಿ ರೂಢಿ ಮಾಡಸಾಕತ್ತೀನಿ."

ಯಾರೋ ಕೆಲಸಕ್ಕೆ ಬರಲ್ಲ ಅಂತ ಬೀದಿಗೆ ಬಿಟ್ಟಿದ್ದ ಕುದುರೆಯಂತೆ. ಪಕ್ಕೆಲುಬು ಇನ್ನೂ ಎಣಿಸಬಹುದು.

ನಾನು ನೋಡುತ್ತಾ ನಿಂತಿದ್ದು ಗೊರಸನ್ನು. ಮೇಲರ್ಧ ನುಣ್ಣಗೆ, ಹೊಸದು. ಕೆಳಗರ್ಧ ಸೀಳು ಸೀಳು, ಒಡೆದ ಮಡಕೆಯ ಅಂಚಿನ ಹಾಗೆ. ನಡುವೆ ಒಂದು ಗೆರೆ. ಗೊರಸು ತಿಂಗಳಿಗೆ ಬೆಳೆಯೋದೇ ಹೆಚ್ಚುಕಮ್ಮಿ 1 ಸೆಂಟಿಮೀಟರ್. ಗೆರೆಯ ಮೇಲಿನದೆಲ್ಲ ಕಾಕಾನ ಹುರುಳಿ, ಕೆಳಗಿನದು ಹಳೇ ಮಾಲೀಕನ ಮನೆಯ ಉಪವಾಸ. ಲೆಕ್ಕ ಕಾಲಲ್ಲೇ ಇದೆ, ಅಲ್ವಾ?

"ಕೆಟ್ಟದ್ದು ಪೂರಾ ಇಳದ ಹೋಗಾಕ ದೀಪಾವಳಿ ತನಕಾ ಬೇಕ್ರಿ," ಅಂದು ಬೆಲ್ಲ ಹಿಡಿದರು. ಅದು ಬೆಲ್ಲ ಬಿಟ್ಟು ನನ್ನ ಚೀಲ ಮೂಸಿತು. ಒಳಗೆ ಸಜ್ಜೆ ರೊಟ್ಟಿ. ಒಂದು ಕೊಟ್ಟು, ಸುಮ್ನೆ ಆಟೋ ಹಿಡಿದೆ.