ಕೈಬಿಟ್ರಾ ಅತ್ತೆ?

ಹಬ್ಬಕ್ಕೆ ಇನ್ನೂ ನಾಲ್ಕು ದಿನ ಇತ್ತು. ಭಾನುವಾರ ರಾತ್ರಿ ಪಾತ್ರೆ ತೊಳೆದಿಟ್ಟು ಬಂದು, ಫೆಡೋರಾ ಅನ್ನೋ ಲಿನಕ್ಸ್ ಬಳಗದ ಸೈಟ್‌ನಲ್ಲಿ, ನಾನು ನೋಡಿಕೊಳ್ಳುತ್ತಿದ್ದ ಪ್ರೋಗ್ರಾಂನ ಪುಟ ತೆರೆದು ಒಂದು ಬಟನ್ ಒತ್ತಿದೆ. ಅದರ ಮೇಲೆ 'ಆರ್ಫನ್', ಅಂದರೆ ಅನಾಥ, ಅಂತ ಬರೆದಿರುತ್ತೆ. ಒತ್ತಿದರೆ ಕಾರಣ ಕೇಳುತ್ತೆ. ಕಾರಣಗಳ ಪಟ್ಟಿಯನ್ನೂ ಅವರೇ ಕೊಟ್ಟಿದ್ದಾರೆ. 'ಸಮಯ ಇಲ್ಲ' ಅನ್ನೋದನ್ನು ಆರಿಸಿದೆ. ಹನ್ನೊಂದು ವರ್ಷ ನೋಡಿಕೊಂಡಿದ್ದು ಅಷ್ಟಕ್ಕೇ ಮುಗಿಯಿತು. ಅವತ್ತು ನಿದ್ದೆ ಚೆನ್ನಾಗೇ ಬಂತು.

ನಿದ್ದೆ ಕೆಟ್ಟಿದ್ದು ಬುಧವಾರ. ಅಣ್ಣನ ಮಗ ಬಂದಿದ್ದ. ಎಳ್ಳು-ಬೆಲ್ಲ ಗಾಂಧಿ ಬಜಾರಿನಲ್ಲಿ ರೆಡಿ ಪ್ಯಾಕೆಟ್ ಸಿಗುತ್ತೆ, ಗೊತ್ತು. ಆದರೂ ಮನೆಯಲ್ಲೇ ಮಾಡುವುದು ನನ್ನ ಹಟ. ಕೊಬ್ಬರಿಯ ಕಂದು ಸಿಪ್ಪೆ ಹೆರೆದು, ಅಡಕೊತ್ತಿನಲ್ಲಿ ಹಿಡಿದು ಸಣ್ಣಗೆ ಕತ್ತರಿಸುತ್ತಿದ್ದೆ. ಅವನಿಗೆ ಅಚ್ಚು ಬೆಲ್ಲ ಕೊಟ್ಟು ಕೂರಿಸಿದ್ದೆ. ಅರ್ಧ ಕತ್ತರಿಸಿ ಅರ್ಧ ತಿನ್ನುತ್ತಿದ್ದ. ಪಕ್ಕದಲ್ಲಿ ನನ್ನ ಲ್ಯಾಪ್‌ಟಾಪ್ ತೆರೆದೇ ಇತ್ತು.

"ಅತ್ತೆ, ಇಲ್ಲಿ ನಿಮ್ಮ ಹೆಸರಿರ್ಬೇಕಾದ ಜಾಗದಲ್ಲಿ ಆರ್ಫನ್ ಅಂತ ಬರ್ತಿದೆ."

"ಹೂಂ ಕಣೋ. ಫೆಡೋರಾ ಕಡೇದು ಬಿಟ್ಟೆ. ಇಪೆಲ್ ಮಾತ್ರ ಇಟ್ಕೊಂಡಿದೀನಿ."

ಇನ್ನೊಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡು ಕೇಳಿದ. "ಕೈಬಿಟ್ರಾ ಅತ್ತೆ?"

ಅಡಕೊತ್ತು ಜಾರಿ ಹೆಬ್ಬೆರಳಿಗೆ ತಾಗಿತು. ಗಾಯ ಏನೂ ಆಗಲಿಲ್ಲ.

ಅವನು ಒಳ್ಳೆ ಹುಡುಗ. ಎಚ್‌ಎಸ್‌ಆರ್ ಲೇಔಟ್‌ನ ಒಂದು ಸ್ಟಾರ್ಟ್‌ಅಪ್‌ನಲ್ಲಿ ಕೆಲಸ. ಬೆಳಿಗ್ಗೆ ಬರೆದ ಕೋಡ್ ಮಧ್ಯಾಹ್ನಕ್ಕೆ ಜನರ ಫೋನಿನಲ್ಲಿ ಇರಬೇಕು. ಒಂದು ಕೆಲಸ ಮುಗಿದು ಸುಮ್ಮನೆ ಒಂದು ಕಡೆ ಕೂರಬಹುದು ಅನ್ನೋದನ್ನು ಅವನಿಗೆ ಯಾರೂ ತೋರಿಸಿಲ್ಲ. ಅವರಪ್ಪ, ಅಂದರೆ ನಮ್ಮಣ್ಣ, ಇನ್ನೊಂದು ಥರ. ಪ್ರತಿ ಹಬ್ಬಕ್ಕೂ ಒಂದೇ ಪ್ರಶ್ನೆ: "ಇದಕ್ಕೆ ದುಡ್ಡು ಕೊಡ್ತಾರಾ?" ಇಲ್ಲ ಅಣ್ಣ. ಹನ್ನೊಂದು ವರ್ಷದಿಂದ ಇಲ್ಲ.

ನಾನು ನೋಡಿಕೊಳ್ಳುವುದು ಚಿಕ್ಕದೊಂದು ಪ್ರೋಗ್ರಾಂ. ಬಾರ್‌ಕೋಡ್ ಸ್ಟಿಕ್ಕರ್ ಪ್ರಿಂಟ್ ಮಾಡುತ್ತೆ, ಅಷ್ಟೆ. ಬರೆದವರು ಬೇರೆ ಯಾರೋ, ಮೇಲ್‌ಗೆ ಉತ್ತರ ಬಂದು ವರ್ಷಗಳಾದವು. ಅದನ್ನು ಲಿನಕ್ಸ್‌ನಲ್ಲಿ, ಅಂದರೆ ವಿಂಡೋಸ್ ಥರದ ಇನ್ನೊಂದು ಆಪರೇಟಿಂಗ್ ಸಿಸ್ಟಂನಲ್ಲಿ, ಸುಲಭವಾಗಿ ಹಾಕಿಕೊಳ್ಳುವ ಹಾಗೆ ಪ್ಯಾಕೇಜ್ ಕಟ್ಟಿಕೊಡುವುದು ನನ್ನ ಕೆಲಸ. ಎರಡು ಕಡೆಗೆ ಕಟ್ಟುತ್ತಿದ್ದೆ. ಒಂದು ಫೆಡೋರಾ. ಆರು ತಿಂಗಳಿಗೊಂದು ಹೊಸದು ಬರುತ್ತೆ, ಒಂದೊಂದರ ಆಯಸ್ಸು ಸುಮಾರು 13 ತಿಂಗಳು. ಯಾವಾಗ ನೋಡಿದರೂ ಎರಡು ಚಾಲ್ತಿಯಲ್ಲಿರುತ್ತವೆ, ಮೂರನೆಯದು ಒಲೆ ಮೇಲಿರುತ್ತೆ. ಇನ್ನೊಂದು ಇಪೆಲ್. ಹತ್ತು ವರ್ಷ ಬಾಳುವ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್‌ಗೆ ಮತ್ತು ಅಲ್ಮಾಲಿನಕ್ಸ್‌ನಂಥ ಅದರ ಬಂಧುಗಳಿಗೆ ನಮ್ಮಂಥವರು ಸೇರಿ ಒದಗಿಸುವ ಹೆಚ್ಚುವರಿ ಪ್ಯಾಕೇಜುಗಳು. ಅಲ್ಲಿ ಒಂದು ಸಲ ಕಟ್ಟಿದರೆ ತೊಂದರೆ ಬಂದಾಗ ಮಾತ್ರ ಕೈಹಾಕಿದರಾಯಿತು.

ಫೆಡೋರಾದಲ್ಲಿ ಸಂಕ್ರಾಂತಿ ಹೊತ್ತಿಗೆ ಇರುವ ಪ್ಯಾಕೇಜನ್ನೆಲ್ಲ ಹೊಸ ಕಂಪೈಲರ್‌ನಲ್ಲಿ, ಅಂದರೆ ಬರೆದ ಕೋಡನ್ನು ಮೆಷಿನ್ ಓಡಿಸುವ ರೂಪಕ್ಕೆ ತರುವ ಪ್ರೋಗ್ರಾಂನಲ್ಲಿ, ಮತ್ತೆ ಕಟ್ಟುತ್ತಾರೆ. ಆ ಕಂಪೈಲರ್ ಹೆಸರು ಜಿಸಿಸಿ; 2024ರಲ್ಲಿ ಅದರ 14ನೇ ಆವೃತ್ತಿ ಬಂತು. ಫಂಕ್ಷನ್ ಒಂದನ್ನು, ಅಂದರೆ ಹೆಸರಿಟ್ಟ ಕೋಡಿನ ತುಂಡೊಂದನ್ನು, ಮೊದಲೇ ಪರಿಚಯ ಮಾಡಿಕೊಡದೆ ಕರೆದರೆ ಅಷ್ಟು ದಿನ ಬರೀ ಗೊಣಗುತ್ತಿದ್ದ ಕಂಪೈಲರ್, ಆ ವರ್ಷದಿಂದ ಕೆಲಸ ಮಾಡಲ್ಲ ಅಂತ ಕೂತಿತು. ನಮ್ಮದು ಹಳೇ ಸಿ ಕೋಡ್, ಇಂಥದ್ದು ಒಂಬತ್ತು ಕಡೆ ಇತ್ತು. ಸರಿಮಾಡಿದೆ. 2025ರಲ್ಲಿ ಜಿಸಿಸಿ 15. ಫಂಕ್ಷನ್ ಹೆಸರಿನ ಮುಂದೆ ಖಾಲಿ ಕಂಸ ಇದ್ದರೆ 'ಏನು ಬೇಕಾದರೂ ಕೊಡಬಹುದು' ಅಂತಿದ್ದ ಅರ್ಥ ಹೋಗಿ 'ಏನೂ ಕೊಡಬಾರದು' ಅಂತಾಯಿತು. ಮತ್ತೆ ಎರಡು ಭಾನುವಾರ ಹೋದವು. ಕಂಪೈಲರ್ ಮಾಡಿದ್ದು ತಪ್ಪು ಅಂತ ನಾನು ಹೇಳಲ್ಲ. ಆ ಬಿಗಿ ಬೇಕಾಗಿತ್ತು. ಆದರೆ ಎರಡೂ ವರ್ಷ ನಾನು ಹೊಸದಾಗಿ ಏನನ್ನೂ ಸೇರಿಸಲಿಲ್ಲ. ಸ್ಟಿಕ್ಕರ್ ಮೊದಲು ಹೇಗೆ ಬರುತ್ತಿತ್ತೋ ಹಾಗೇ ಬರಲಿ ಅಂತ ಅಷ್ಟೂ ಓಡಿದ್ದು. ಈ ಸಲ 'ಕಟ್ಟೋಕೆ ಆಗಲಿಲ್ಲ' ಅನ್ನೋ ಮೇಲ್ ಬರುವ ಮುಂಚೆಯೇ ಬಿಟ್ಟೆ.

ಇದನ್ನೆಲ್ಲ ಅವನಿಗೆ ಹೇಳಬಹುದಿತ್ತು. ಹೇಳಲಿಲ್ಲ. "ಕೊಬ್ಬರಿ ತಗೋ" ಅಂದೆ. ಆಮೇಲೆ ಮಲಗಿದಾಗ ಅದೇ ಮಾತು. ಕೈಬಿಟ್ರಾ ಅತ್ತೆ? ಬಿಟ್ರಾ ಅಂದಿದ್ದರೆ ಏನೂ ಅನ್ನಿಸುತ್ತಿರಲಿಲ್ಲ. ಕೆಲಸ ಬಿಡುತ್ತೇವೆ, ಕಾಫಿ ಬಿಡುತ್ತೇವೆ. ಕೈಬಿಡುವುದು ಮನುಷ್ಯರನ್ನ, ಅಲ್ವಾ?

ಶನಿವಾರ ಚಾಮರಾಜಪೇಟೆಗೆ ಹೋದೆ. ಅಲ್ಲಿ ಒಂದು ಹಳೇ ಟ್ರಸ್ಟ್ ಲೈಬ್ರರಿ ಇದೆ. ನನ್ನ ಪ್ಯಾಕೇಜ್ ಬಳಸುವವರಲ್ಲಿ ನಾನು ಮುಖ ನೋಡಿರುವುದು ಅಲ್ಲಿನ ಲೈಬ್ರರಿಯನ್ ಒಬ್ಬರನ್ನೇ. ಅವರ ಮೆಷಿನ್‌ನಲ್ಲಿ ಅಲ್ಮಾಲಿನಕ್ಸ್ 9 ಹಾಕಿಕೊಟ್ಟವಳು ನಾನೇ. ಸುಮ್ನೆ ನೋಡಿ ಬರೋಣ ಅಂತ ಹೋಗಿದ್ದು. ಎಳ್ಳು-ಬೆಲ್ಲ ಕೊಟ್ಟೆ. ನಾನು ಕೀಬೋರ್ಡ್ ಕಡೆ ಕೈ ಚಾಚಿದ್ದೇ ತಡ, ಗಾಬರಿಯಾದರು.

"ಮೇಡಂ, ಏನೂ ಬದಲಾಯಿಸ್ಬೇಡಿ. ನಡೀತಾ ಇದೆ."

"ಇಲ್ಲ ಸರ್, ಸುಮ್ನೆ ನೋಡ್ತೀನಿ."

ಹೊಸದಾಗಿ ಬಂದ ಪುಸ್ತಕಗಳ ಕಟ್ಟು ಪಕ್ಕದಲ್ಲಿತ್ತು. ನಂಬರ್ ಹೊಡೆದರು. ಪ್ರಿಂಟರ್ ಕಿರ್ ಅಂತು, ಸ್ಟಿಕ್ಕರ್ ಬಂತು. ಉಗುರಿನಲ್ಲಿ ಮೂಲೆ ಎಬ್ಬಿಸಿ, ಪುಸ್ತಕದ ಬೆನ್ನಿಗೆ ಅಂಟಿಸಿ, ಅಂಗೈಯಲ್ಲಿ ಎರಡು ಸಲ ಸವರಿದರು. ಮಗುವಿನ ಬೆನ್ನು ಸವರಿದ ಹಾಗೆ. ಒಂಬತ್ತು ಕಡೆ ಸರಿಮಾಡಿದ ಆ ಕೋಡ್ ಈ ಮೆಷಿನ್‌ಗೆ ಬಂದೇ ಇಲ್ಲ. ಇಲ್ಲಿರುವ ಕಂಪೈಲರ್‌ಗೆ ಅದರ ಅಗತ್ಯವೂ ಇಲ್ಲ.

"ಇದು ಎಷ್ಟು ದಿನ ನಡಿಯುತ್ತೆ ಮೇಡಂ?"

"2032ರ ಮೇ ತನಕ ಸರ್."

ಬೆರಳು ಮಡಚಿ ಲೆಕ್ಕ ಹಾಕಿದರು. "ನಾನು ಅದಕ್ಕೆ ಒಂದು ವರ್ಷ ಮುಂಚೆ ರಿಟೈರ್. ಬಿಡಿ, ನನಗೆ ಸಾಕು."

ನಗು ಬಂತು. ನನ್ನದೂ ಅದೇ ಲೆಕ್ಕ ಇರಬಹುದು ಅಂತಲೂ ಅನ್ನಿಸಿತು. ಹತ್ತು ವರ್ಷದ ಸಿಸ್ಟಂ ಆರಿಸಿಕೊಂಡಿದ್ದು ಜಾಣತನವೋ ಸುಸ್ತೋ, ಬೇರೆ ಮಾಡಿ ಹೇಳೋಕೆ ನನಗೆ ಬರಲ್ಲ. ಹುಡುಗನ ಹತ್ತಿರ ವಾದ ಮಾಡಬೇಕಿದ್ದರೆ ನನ್ನ ಬಳಿ ಒಳ್ಳೆ ಉದಾಹರಣೆಯೇ ಇತ್ತು. 2024ರ ಮಾರ್ಚ್ 29ರಂದು ಎಕ್ಸ್‌ಝೆಡ್ ಅನ್ನೋ ಕಂಪ್ರೆಷನ್ ಪ್ರೋಗ್ರಾಂನಲ್ಲಿ ಹಿಂಬಾಗಿಲು ಇಟ್ಟಿರುವುದು ಬಯಲಾಯಿತು. ಲಾಗಿನ್ ಆಗೋಕೆ ಅರ್ಧ ಸೆಕೆಂಡ್ ಜಾಸ್ತಿ ಯಾಕೆ ಅಂತ ಒಬ್ಬ ಇಂಜಿನಿಯರ್ ತಲೆಕೆಡಿಸಿಕೊಂಡಿದ್ದರಿಂದ ಸಿಕ್ಕಿತು. ವಿಷ ಇದ್ದಿದ್ದು ಅದರ 5.6.0 ಮತ್ತು 5.6.1 ಆವೃತ್ತಿಗಳಲ್ಲಿ. ಫೆಡೋರಾದ ಬರಬೇಕಿದ್ದ ಆವೃತ್ತಿಯವರೆಗೂ ಅದು ಹೋಗಿತ್ತು. ಲೈಬ್ರರಿ ಮೆಷಿನ್‌ನಲ್ಲಿ ಇನ್ನೂ 5.2 ಇತ್ತು. ಹಳೇದಾಗಿದ್ದಕ್ಕೇ ಬಚಾವು.

ಆದರೆ ಆ ಕಥೆಯಲ್ಲಿ ನನ್ನನ್ನು ಕಾಡುವ ಭಾಗ ಬೇರೆ. ಅದನ್ನು ನೋಡಿಕೊಳ್ಳುತ್ತಿದ್ದವರು ದುಡ್ಡಿಲ್ಲದೆ ದುಡಿಯುತ್ತಿದ್ದ ಒಬ್ಬರು, ದಣಿದಿದ್ದರು. ಎಲ್ಲೆಲ್ಲಿಂದಲೋ ಮೇಲ್ ಬರುತ್ತಿದ್ದವು: ನಿಧಾನ ಆಯ್ತು, ಬೇರೆಯವರಿಗೆ ಬಿಟ್ಟುಕೊಡಿ. ಆಗ ಸಹಾಯಕ್ಕೆ ಅಂತ ಬಂದಿದ್ದ ಒಬ್ಬ, ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆ ಕೆಲಸ ಮಾಡಿ ನಂಬಿಕೆ ಗಳಿಸಿದ. ಹಿಂಬಾಗಿಲು ಇಟ್ಟವನೂ ಅವನೇ. ನಾನೂ ಭಾನುವಾರ ದಣಿದೇ ಬಟನ್ ಒತ್ತಿದ್ದು. ಆರು ವಾರದಲ್ಲಿ ಯಾರೂ ಎತ್ತಿಕೊಳ್ಳದಿದ್ದರೆ ಪ್ಯಾಕೇಜ್ ತೆಗೆದುಹಾಕುತ್ತಾರೆ. ಯಾರೂ ಎತ್ತಿಕೊಳ್ಳದೇ ಇದ್ದರೇ ಒಳ್ಳೇದೇನೋ ಅಂತ ಒಂದು ಕ್ಷಣ ಅನ್ನಿಸಿದ್ದು ನಿಜ. ಬರೆಯೋಕೆ ನಾಚಿಕೆ ಆಗುತ್ತೆ, ಆದರೂ ಬರೆದಿದ್ದೇನೆ.

ಶನಿವಾರ ರಾತ್ರಿಯೇ ಮೇಲ್ ಬಂತು. ಯಾರೋ ಎತ್ತಿಕೊಂಡಿದ್ದಾರೆ. ಹೆಸರು ಮೂರು ಸಲ ಓದಿದೆ, ಪರಿಚಯ ಇಲ್ಲ. ಪ್ಯಾಕೇಜರ್ ಆಗಬೇಕಾದರೆ ಹಳಬರೊಬ್ಬರು ಸ್ಪಾನ್ಸರ್ ಮಾಡಿರಲೇಬೇಕು, ಹಾಗಾಗಿ ದಾರಿಹೋಕರೇನಲ್ಲ. ಆದರೂ ಕೂತು ಅವರು ಹಿಂದೆ ಮಾಡಿದ ಕೆಲಸವನ್ನೆಲ್ಲ ಒಂದೊಂದಾಗಿ ತೆರೆದು ನೋಡಿದೆ. ಸ್ಕ್ರೀನ್‌ಶಾಟ್ ತೆಗೆದು ಹುಡುಗನಿಗೆ ಕಳಿಸಿದೆ. "ನೋಡು, ಯಾರೋ ಎತ್ಕೊಂಡ್ರು."

"ಯಾರು?" ಅಂತ ಬಂತು ಉತ್ತರ.

ಏನು ಹೇಳಲಿ? ಅಷ್ಟರಲ್ಲಿ ಆ ಯಾರೋ ಮೊದಲ ಬದಲಾವಣೆ ಮಾಡಿಯಾಗಿತ್ತು. ತೆರೆದೆ. ಪ್ಯಾಕೇಜಿನ ವಿವರಣೆಯಲ್ಲಿ 'ಪ್ರಿಂಟರ್' ಅನ್ನೋ ಪದದಲ್ಲಿ ನಾನು ಒಂದು ಅಕ್ಷರ ನುಂಗಿದ್ದೆ. ಹನ್ನೊಂದು ವರ್ಷದಿಂದ ಹಾಗೇ ಇತ್ತು. ಅದನ್ನು ಸರಿಮಾಡಿದ್ದಾರೆ.

ಇಪೆಲ್‌ನಲ್ಲಿ ಇನ್ನೂ ಹಾಗೇ ಇದೆ.